ಶ್ವಾಸಕೋಶಕ್ಕೆ ಬಿಡುವು ಕೊಡುವ ಯಂತ್ರ

ಎಕ್ಮೋ (ECMO) ಎಂಬ ಯಂತ್ರ ಯಾವ ಕಾಯಿಲೆಯನ್ನೂ ವಾಸಿ ಮಾಡುವುದಿಲ್ಲ. ದೊಡ್ಡ ಅಭಿಧಮನಿಯಿಂದ ರಕ್ತವನ್ನು ಹೊರಗೆಳೆದು, ಕೃತಕ ಪೊರೆಯ ಪಕ್ಕದಲ್ಲಿ ಹಾಯಿಸಿ, ಆಮ್ಲಜನಕ ತುಂಬಿ, ಇಂಗಾಲದ ಡೈಆಕ್ಸೈಡ್ ಕಳೆದು ಮರಳಿ ದೇಹಕ್ಕೆ ಬಿಡುತ್ತದೆ, ಅಷ್ಟೇ. ಅಷ್ಟರೊಳಗೆ ಶ್ವಾಸಕೋಶ ತಾನೇ ಚೇತರಿಸಿಕೊಳ್ಳಬೇಕು.

ಇದರ ಬೇರು ಇರುವುದು ಹೃದಯದ ಶಸ್ತ್ರಚಿಕಿತ್ಸೆಯಲ್ಲಿ. 1953ರಲ್ಲಿ ಫಿಲಡೆಲ್ಫಿಯಾದ ವೈದ್ಯ ಜಾನ್ ಗಿಬ್ಬನ್, ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನು ತಾನೇ ಮಾಡುವ ಹಾರ್ಟ್-ಲಂಗ್ ಯಂತ್ರದ ನೆರವಿನಿಂದ ರೋಗಿಯೊಬ್ಬಳ ಹೃದಯ ತೆರೆದು ಸರಿಪಡಿಸಿದರು. ಆದರೆ ಆ ಯಂತ್ರದಲ್ಲಿ ಆಮ್ಲಜನಕ ರಕ್ತಕ್ಕೆ ನೇರವಾಗಿ ತಾಕುತ್ತಿತ್ತು; ಕೆಲವು ಗಂಟೆ ಕಳೆದರೆ ರಕ್ತವೇ ಕೆಡುತ್ತಿತ್ತು. ನಡುವೆ ಸಿಲಿಕೋನ್ ಪೊರೆ ಬಂದಮೇಲಷ್ಟೇ ದಿನಗಟ್ಟಲೆ ಓಡಿಸಲು ಸಾಧ್ಯವಾಯಿತು. 1971ರಲ್ಲಿ ಡೊನಾಲ್ಡ್ ಹಿಲ್ ತಂಡ ಅಪಘಾತಕ್ಕೀಡಾದ 24ರ ಯುವಕನೊಬ್ಬನನ್ನು 75 ಗಂಟೆ ಯಂತ್ರದ ಮೇಲಿಟ್ಟು ಉಳಿಸಿಕೊಂಡಿತು. 1975ರಲ್ಲಿ ರಾಬರ್ಟ್ ಬಾರ್ಟ್ಲೆಟ್ ನವಜಾತ ಶಿಶುವೊಂದನ್ನು ಬದುಕಿಸಿದರು.

ಪೆಟ್ಟು ಬಿದ್ದದ್ದು 1979ರಲ್ಲಿ. ಅಮೆರಿಕದ 90 ವಯಸ್ಕ ರೋಗಿಗಳ ಅಧ್ಯಯನದಲ್ಲಿ ಎಕ್ಮೋ ಸಿಕ್ಕವರು, ಸಿಗದವರು ಎರಡೂ ಗುಂಪಿನಲ್ಲಿ ಬದುಕುಳಿದವರು ನೂರಕ್ಕೆ ಹತ್ತಕ್ಕಿಂತ ಕಡಿಮೆ. ವಯಸ್ಕರಿಗೆ ಈ ಚಿಕಿತ್ಸೆ ಹೆಚ್ಚುಕಡಿಮೆ ಮೂಲೆಗೆ ಬಿತ್ತು. ಆದರೆ ಸೋತದ್ದು ಯಂತ್ರವೊಂದೇ ಅಲ್ಲ ಎನ್ನಬೇಕು. ರಕ್ತಸ್ರಾವ ವಿಪರೀತವಾಗಿತ್ತು, ನಿಜ. ಅದಕ್ಕಿಂತ ಮುಖ್ಯವಾಗಿ, ಯಂತ್ರ ಉಸಿರಾಟದ ಹೊರೆ ಹೊತ್ತಿದ್ದಾಗಲೂ ವೆಂಟಿಲೇಟರ್ ಜೋರಾಗಿಯೇ ಗಾಳಿ ನುಗ್ಗಿಸುತ್ತಿತ್ತು. ಊದಿಕೊಂಡ ಶ್ವಾಸಕೋಶಕ್ಕೆ ಆ ಒತ್ತಡವೇ ಹೊಸ ಗಾಯ. ಬಿಡುವು ಕೊಡಬೇಕಾದ ಹೊತ್ತಿನಲ್ಲೂ ದುಡಿಸುತ್ತಿದ್ದರು!

ಸಣ್ಣ ಉಸಿರುಗಳೇ ಲೇಸು ಎಂದು ವೆಂಟಿಲೇಟರ್ ಕುರಿತ ದೊಡ್ಡ ಅಧ್ಯಯನವೊಂದು ತೋರಿಸಿದ್ದು 2000ದಲ್ಲಿ. 2009ರಲ್ಲಿ ಬ್ರಿಟನ್ನಿನ ಸೀಸರ್ ಅಧ್ಯಯನದಲ್ಲಿ ಎಕ್ಮೋ ಕೇಂದ್ರಕ್ಕೆ ಕಳುಹಿಸಲಾದವರಲ್ಲಿ ಶೇ. 63ರಷ್ಟು ಮಂದಿ ಆರು ತಿಂಗಳ ನಂತರ ತೀವ್ರ ಅಂಗವೈಕಲ್ಯವಿಲ್ಲದೆ ಬದುಕಿದ್ದರು; ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ ಶೇ. 47. ತಮಾಷೆಯೆಂದರೆ, ಹಾಗೆ ಹೋದವರಲ್ಲಿ ಕಾಲುಭಾಗಕ್ಕೆ ಯಂತ್ರವನ್ನು ಜೋಡಿಸಿಯೇ ಇರಲಿಲ್ಲ. ಗೆದ್ದದ್ದು ಯಂತ್ರವೋ, ಆ ಕೇಂದ್ರದ ಆರೈಕೆಯೋ? 2018ರ ಇಯೋಲಿಯಾ ಅಧ್ಯಯನವೂ ಜಗಳ ಮುಗಿಸಲಿಲ್ಲ. ಸಾವಿನ ಪ್ರಮಾಣ ಎಕ್ಮೋ ಗುಂಪಿನಲ್ಲಿ ಶೇ. 35, ಇನ್ನೊಂದರಲ್ಲಿ 46. ಆದರೂ ಈ ಅಂತರ ಆಕಸ್ಮಿಕವಲ್ಲ ಎನ್ನಲು ಬೇಕಾದ ಸಂಖ್ಯಾಶಾಸ್ತ್ರದ ಗೆರೆ ದಾಟಲಿಲ್ಲ. ಸಾಮಾನ್ಯ ಚಿಕಿತ್ಸೆಯ ಗುಂಪಿನಲ್ಲೂ ಸ್ಥಿತಿ ಕೈಮೀರಿದ 35 ಮಂದಿಗೆ ವೈದ್ಯರು ಕೊನೆಗೆ ಎಕ್ಮೋ ಹಾಕಿಯೇಬಿಟ್ಟರು. ಕಣ್ಣೆದುರು ಸಾಯುತ್ತಿರುವವರಿಗೆ ಪಕ್ಕದಲ್ಲೇ ಇರುವ ಯಂತ್ರವನ್ನು ನಿರಾಕರಿಸುವುದು ಹೇಗೆ?

ಇಂದು ಕೊಳವೆಗಳ ಸಮೇತ ಎಚ್ಚರವಾಗಿದ್ದು, ಮಾತಾಡಿ, ನಾಲ್ಕು ಹೆಜ್ಜೆ ನಡೆಯುವ ರೋಗಿಗಳೂ ಇದ್ದಾರೆ. ಅವರಲ್ಲಿ ಕೆಲವರ ಶ್ವಾಸಕೋಶ ವಾರಗಳು ಕಳೆದರೂ ಮರಳುವುದಿಲ್ಲ, ಕಸಿಗೂ ದಾರಿಯಿರುವುದಿಲ್ಲ. ಆಗ ಯಂತ್ರ ನಿಲ್ಲಿಸುವ ಮಾತನ್ನು ಎಚ್ಚರವಾಗಿರುವ ಆ ಮನುಷ್ಯನ ಜೊತೆಗೇ ಆಡಬೇಕಾಗುತ್ತದೆ.