ಮಾರ್ಚ್‌ನಲ್ಲಿ ಕೈಗೆ ಬಂದ ದುಡ್ಡು ಮುಂದಿನ ಮಾರ್ಚ್‌ವರೆಗೆ

ಮನೆ ಖರ್ಚಿಗೆ ಬಜೆಟ್ ಹಾಕಿಕೊಡಿ ಅಂತ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯವರು ಬಂದಾಗ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಮುಂದಿನ ದೊಡ್ಡ ದುಡ್ಡು ಯಾವ ತಿಂಗಳು ಬರುತ್ತದೆ? ಎಷ್ಟು ಬರುತ್ತದೆ ಅನ್ನುವುದು ಆಮೇಲಿನ ಮಾತು.

ಒಂದನೇ ತಾರೀಕಿಗೆ ಸಂಬಳ ಬರುವ ಕೈಗಾದ ನೌಕರರಿಗೆ, ಕಾರವಾರದ ಕಚೇರಿಗಳಲ್ಲಿ ಇರುವವರಿಗೆ ತಿಂಗಳ ಲೆಕ್ಕ ತಿಂಗಳಿಗೇ ಮುಗಿಯುತ್ತದೆ. ಅಡಿಕೆ ಮನೆಯಲ್ಲಿ ಹಾಗಲ್ಲ. ಕೊನೆ (ಅಡಿಕೆ ಗೊನೆ) ಕೊಯ್ಲು ಮುಗಿದು, ಚಾಲಿ (ಸಿಪ್ಪೆ ಸಮೇತ ಒಣಗಿಸುವ ಹಣ್ಣಡಿಕೆ) ಒಣಗಿ, ಸುಲಿದು, ಬೆಳೆಗಾರರ ಸಹಕಾರಿ ಸೊಸೈಟಿಯಲ್ಲಿ ವ್ಯಾಪಾರವಾಗುವ ಹೊತ್ತಿಗೆ ಬೇಸಿಗೆ ಬಂದಿರುತ್ತದೆ. ಒಮ್ಮೆ ದುಡ್ಡು ಬಂದರೆ ವರ್ಷಪೂರ್ತಿ ಅದರಲ್ಲೇ ಆಗಬೇಕು. ಇಂಥ ಮನೆಯಲ್ಲಿ 'ಈ ತಿಂಗಳು ಎಷ್ಟು ಬಂತು, ಎಷ್ಟು ಹೋಯ್ತು' ಅಂತ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಏಪ್ರಿಲ್‌ನಲ್ಲಿ ಎಲ್ಲರೂ ಸಾಹುಕಾರರೇ, ನವೆಂಬರ್‌ನಲ್ಲಿ ಎಲ್ಲರಿಗೂ ಕಷ್ಟವೇ.

ಹಾಗಾಗಿ ನಾನು ಹೇಳಿಕೊಡುವುದು ಬೇರೆ ಲೆಕ್ಕ. ಉಳಿದಿರುವ ದುಡ್ಡನ್ನು ಮುಂದಿನ ವ್ಯಾಪಾರಕ್ಕೆ ಉಳಿದಿರುವ ತಿಂಗಳುಗಳಿಂದ ಭಾಗಿಸಿ. ಅಷ್ಟೇ. ಆದರೆ ಅದನ್ನು ಪ್ರತಿ ತಿಂಗಳೂ ಮಾಡಬೇಕು.

ಒಂದು ಉದಾಹರಣೆ ನೋಡೋಣ. ಬೆಳೆಸಾಲ ಕಟ್ಟಿ, ತೋಟದ ಖರ್ಚು ತೆಗೆದಿಟ್ಟು, ಮಾರ್ಚ್ ಕೊನೆಗೆ ಮನೆ ಖರ್ಚಿಗೆ ಅಂತ 3,60,000 ರೂಪಾಯಿ ಉಳಿಯಿತು ಅಂದುಕೊಳ್ಳಿ. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 30,000. ಆಗಸ್ಟ್ ಮುಗಿದಾಗ ಖಾತೆಯಲ್ಲಿ 2,10,000 ಇರಬೇಕು. ಪಾಸ್‌ಬುಕ್ ನೋಡಿದರೆ ಇರುವುದು 1,75,000. ಅಂದರೆ ಗೊತ್ತಿಲ್ಲದೇ ತಿಂಗಳಿಗೆ 37,000 ಹೋಗುತ್ತಿದೆ. ಆ ದಿನವೇ ಕೂತು ಉಳಿದ ಏಳು ತಿಂಗಳಿಗೆ ಭಾಗಿಸಿದರೆ ತಿಂಗಳಿಗೆ 25,000 ಸಿಗುತ್ತದೆ. ಹಾಕಿಕೊಂಡಿದ್ದಕ್ಕಿಂತ ಐದು ಸಾವಿರ ಕಡಿಮೆ. ಬಿಗಿ ಹೌದು, ಆದರೆ ಆಗುವ ಕೆಲಸ.

ಇಷ್ಟೇ ದುಡ್ಡು, ಇಷ್ಟೇ ಖರ್ಚಿನ ಇನ್ನೊಂದು ಮನೆ ಆಗಸ್ಟ್‌ನಲ್ಲಿ ನೋಡದೇ ಡಿಸೆಂಬರ್ ಕೊನೆಗೆ ನೋಡಿತು ಅನ್ನಿ. ಅಷ್ಟರಲ್ಲಿ 3,33,000 ಖರ್ಚಾಗಿರುತ್ತದೆ. ಉಳಿದದ್ದು 27,000. ಇನ್ನೂ ಮೂರು ತಿಂಗಳಿದೆ. ತಿಂಗಳಿಗೆ 9,000 ರೂಪಾಯಿಯಲ್ಲಿ ಯಾವ ಮನೆ ನಡೆಯುತ್ತದೆ ಹೇಳಿ? ಅಲ್ಲಿಂದ ಕೈಗಡ, ಚಿನ್ನದ ಮೇಲಿನ ಸಾಲ, ರೇಟು ಏರುವ ಮೊದಲೇ ಅಡಿಕೆ ಕೊಟ್ಟುಬಿಡುವುದು ಶುರುವಾಗುತ್ತದೆ. ಎರಡೂ ಮನೆಯ ಖರ್ಚು ಒಂದೇ ಥರ ಇತ್ತು. ಒಬ್ಬರು ಆಗಸ್ಟ್‌ನಲ್ಲಿ ನೋಡಿದರು, ಇನ್ನೊಬ್ಬರು ಡಿಸೆಂಬರ್‌ನಲ್ಲಿ.

ತೋಟದ ಖರ್ಚನ್ನು ಮೊದಲೇ ತೆಗೆದಿಡಬೇಕು ಅನ್ನುವುದನ್ನು ನಾನು ಒತ್ತಿ ಹೇಳುತ್ತೇನೆ. ಮಳೆಗಾಲದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸುವ ಕೂಲಿ, ಆ ಔಷಧಿಗೆ ಬೇಕಾದ ಮೈಲುತುತ್ತ, ಗೊಬ್ಬರ, ಆಮೇಲೆ ಕೊನೆ ತೆಗೆಯುವವರ ಕೂಲಿ, ಇವೆಲ್ಲ ಬೇರೆ ಖಾತೆಯಲ್ಲೇ ಇರಲಿ. ಒಂದೇ ಖಾತೆಯಲ್ಲಿ ಇದ್ದರೆ ಜೂನ್‌ನಲ್ಲಿ ಮಕ್ಕಳ ಫೀಸು ಕಟ್ಟಿ, ಜುಲೈನಲ್ಲಿ ಔಷಧಿಗೆ ದುಡ್ಡಿಲ್ಲ ಅನ್ನುವ ಸ್ಥಿತಿ ಬರುತ್ತದೆ. ಒಂದು ಸುತ್ತು ಔಷಧಿ ತಪ್ಪಿ ಕೊಳೆ ಬಂದರೆ ಪೆಟ್ಟು ಬೀಳುವುದು ಮುಂದಿನ ವರ್ಷದ ಬಜೆಟ್ಟಿಗೆ.

ಇನ್ನು ಸೊಸೈಟಿ ಖಾತೆ. ಅಡಿಕೆ ಕೊಟ್ಟ ದುಡ್ಡು ಅಲ್ಲೇ ಜಮಾ ಆಗುತ್ತದೆ, ಕಿರಾಣಿ ಸಾಮಾನೂ ಅಲ್ಲೇ ಖಾತೆಗೆ ಬರೆಸಿ ತರುತ್ತೇವೆ. ಕಿಸೆಯಿಂದ ನೋಟು ಹೋಗುವುದಿಲ್ಲ, ಹಾಗಾಗಿ ಖರ್ಚಾಯ್ತು ಅಂತ ಅನಿಸುವುದೇ ಇಲ್ಲ. ಅಕ್ಕಿ ಬೇಳೆ ತರಲು ಹೋದವರು ಮಿಕ್ಸರ್ ಕೂಡ ತಂದಿರುತ್ತಾರೆ. ಈ ವ್ಯವಸ್ಥೆ ಬೆಳೆಗಾರರಿಗೆ ದೊಡ್ಡ ಆಸರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಖಾತೆಯ ಉತಾರವನ್ನು (ಜಮಾ ಖರ್ಚಿನ ಪಟ್ಟಿಯನ್ನು) ವರ್ಷದ ಕೊನೆಗೆ ಒಮ್ಮೆ ನೋಡಿದರೆ ಸಾಲದು, ತಿಂಗಳಿಗೊಮ್ಮೆ ಕೇಳಿ ಪಡೆಯಿರಿ. ಫೋನಿನಲ್ಲಿ ಸ್ಕ್ಯಾನ್ ಮಾಡಿ ಕೊಡುವ ಹತ್ತು, ಇಪ್ಪತ್ತು, ಐವತ್ತು ರೂಪಾಯಿಗಳದ್ದೂ ಇದೇ ಕಥೆ. ಅವನ್ನು ಒಂದೊಂದಾಗಿ ಬರೆಯುತ್ತಾ ಕೂರಬೇಡಿ, ಯಾರಿಂದಲೂ ಆಗುವುದಿಲ್ಲ. ತಿಂಗಳ ಮೊತ್ತ ನೋಡಿದರೆ ಸಾಕು.

ಕರಾವಳಿಯ ಮೀನುಗಾರರ ಲೆಕ್ಕ ಇದಕ್ಕಿಂತ ಸ್ವಲ್ಪ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಹತ್ತು ತಿಂಗಳ ದುಡಿಮೆಯಲ್ಲಿ ಹನ್ನೆರಡು ತಿಂಗಳು ಉಣ್ಣಬೇಕು. ಅಂದರೆ ಕೈಗೆ ಬಂದ ಪ್ರತಿ ಆರು ರೂಪಾಯಿಯಲ್ಲಿ ಒಂದು ರೂಪಾಯಿ ಮಳೆಗಾಲದ್ದು. ದೋಣಿಯ ದುಡಿಮೆಯ ಪಾಲು ಕೈಗೆ ಬರುವುದು ಬುಟ್ಟಿ ತುಂಬಿದ ದಿನ ಜಾಸ್ತಿ, ಖಾಲಿ ಬಂದ ದಿನ ಏನೂ ಇಲ್ಲ. ಇವರಿಗೆ ತಿಂಗಳವರೆಗೆ ಕಾಯುವುದು ಸರಿಹೋಗುವುದಿಲ್ಲ, ವಾರಕ್ಕೊಮ್ಮೆ ನೋಡಬೇಕು. ಪಿಗ್ಮಿ ಕಟ್ಟುವವರಿಗೆ ಇದು ಸುಲಭ. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ, ದಿನಕ್ಕೆ ಎರಡಾಣೆ ಮನೆ ಬಾಗಿಲಿಗೆ ಬಂದು ಒಯ್ಯುವ ಈ ಪಿಗ್ಮಿ ಉಳಿತಾಯದ ಪದ್ಧತಿ ಶುರು ಮಾಡಿತು. ದಿನಗೂಲಿಯವರಿಗೆ, ಮೀನು ಮಾರುವ ಹೆಂಗಸರಿಗೆ ಇವತ್ತಿಗೂ ಅದಕ್ಕಿಂತ ಹೊಂದುವ ದಾರಿ ನನಗೆ ಕಂಡಿಲ್ಲ. ಒಂದು ಎಚ್ಚರ ಮಾತ್ರ ಇರಲಿ: ಆ ದುಡ್ಡನ್ನು ಏಪ್ರಿಲ್‌ನಲ್ಲಿ ಮದುವೆ ಮುಯ್ಯಿಗೆ ತೆಗೆಯಬೇಡಿ.

ವರ್ಷಕ್ಕೊಮ್ಮೆ ಬರುವ ಖರ್ಚು ಯಾವುದೂ ಅನಿರೀಕ್ಷಿತ ಅಲ್ಲ. ಚೌತಿ ಪ್ರತಿ ವರ್ಷ ಬರುತ್ತದೆ. ಎಲ್‌ಐಸಿ ಕಂತಿನ ತಾರೀಕು ಪಾಲಿಸಿಯಲ್ಲೇ ಇದೆ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಆ ವಾರ ಮನೆಗೆ ನೆಂಟರು ಬಂದೇ ಬರುತ್ತಾರೆ. ಜಾತ್ರೆಗೆ 24,000 ಬೇಕಾಗುತ್ತದೆ ಅನ್ನುವ ಮನೆ ತಿಂಗಳಿಗೆ ಸಾವಿರ ಎತ್ತಿಟ್ಟರೆ ಆಯಿತು.

ಬರಬಹುದಾದ ದುಡ್ಡನ್ನು ಮಾತ್ರ ಲೆಕ್ಕಕ್ಕೆ ಸೇರಿಸಬೇಡಿ. ಬೆಳೆ ವಿಮೆಯ ಪರಿಹಾರ ಖಾತೆಗೆ ಜಮಾ ಆದ ದಿನ ಬರೆಯಿರಿ, ಅಲ್ಲಿಯವರೆಗೆ ಅದು ಸೊನ್ನೆ. ಅಟ್ಟದ ಮೇಲೆ ಇಟ್ಟ ಚಾಲಿಯನ್ನೂ ಮುಂದೆ ಏರಬಹುದಾದ ದರದಲ್ಲಿ ಎಣಿಸಬಾರದು. ಒಳ್ಳೆಯ ರೇಟು ಸಿಕ್ಕರೆ ಹೆಚ್ಚಾದದ್ದು ಸಾಲಕ್ಕೋ ಠೇವಣಿಗೋ ಹೋಗಲಿ.

ಲೆಕ್ಕ ನೋಡಲು ಯಾರು ಕೂರಬೇಕು? ಗಂಡ ಹೆಂಡತಿ ಇಬ್ಬರೂ. ಅಪ್ಪಯ್ಯ ತೋಟ ನೋಡಿಕೊಳ್ಳುತ್ತಿದ್ದರೆ ಅವರೂ ಇರಲಿ. ಎಷ್ಟೋ ಮನೆಯಲ್ಲಿ ಲೆಕ್ಕ ಒಬ್ಬರ ತಲೆಯಲ್ಲಿ, ಖರ್ಚು ಇನ್ನೊಬ್ಬರ ಕೈಯಲ್ಲಿ. ಸೊಸೈಟಿ ಖಾತೆಯಲ್ಲಿ ಎಷ್ಟಿದೆ ಅಂತ ಮನೆ ನಡೆಸುವ ಹೆಂಗಸಿಗೇ ಗೊತ್ತಿರುವುದಿಲ್ಲ. ಇದು ನನಗೆ ತುಂಬಾ ಬೇಜಾರಿನ ವಿಷಯ. ದುಡ್ಡು ಎಷ್ಟಿದೆ ಅಂತಲೇ ಹೇಳದೇ 'ಜಾಸ್ತಿ ಖರ್ಚು ಮಾಡಿದೆ' ಅನ್ನುವುದು ನ್ಯಾಯ ಅಲ್ಲ, ಅಲ್ವಾ?

ಕೂತಾಗ ಹೋದ ದುಡ್ಡಿನ ತಕರಾರು ಐದು ನಿಮಿಷಕ್ಕಿಂತ ಜಾಸ್ತಿ ಬೇಡ. ಸೀರೆ ಯಾಕೆ ತಂದೆ, ಪೇಟೆಗೆ ಯಾಕೆ ಎರಡು ಸಲ ಹೋದೆ ಅಂತ ಶುರುವಾದರೆ ಮುಂದಿನ ತಿಂಗಳು ಯಾರೂ ಕೂರುವುದಿಲ್ಲ. ಮುಂದಿನ ತಿಂಗಳು ಏನೇನಿದೆ ಅನ್ನುವುದನ್ನು ಮಾತಾಡಿ.

ಮೊದಲ ಸಲ ಕೂರುವವರಿಗೆ ಬೇಕಾಗುವುದು ಎಂಟ್ರಿ ಹಾಕಿಸಿದ ಪಾಸ್‌ಬುಕ್, ಸೊಸೈಟಿಯ ಉತಾರ, ಒಂದು ಸಾದಾ ನೋಟ್‌ಬುಕ್. ಪುಟದಲ್ಲಿ ಮೂರು ಸಾಲು ಬರೆದರೆ ಸಾಕು: ಇವತ್ತು ಇರುವ ದುಡ್ಡು, ಉಳಿದ ತಿಂಗಳು, ತಿಂಗಳಿಗೆ ಸಿಗುವ ಮೊತ್ತ. ಪಕ್ಕದಲ್ಲಿ ತಾರೀಕು ಹಾಕಿ. ಮುಂದಿನ ತಿಂಗಳು ಅದರ ಕೆಳಗೇ ಬರೆಯಿರಿ. ಮೂರನೇ ಸಾಲಿನ ಅಂಕೆ ಎರಡು ತಿಂಗಳು ಸತತ ಇಳಿದರೆ, ಕಾಯದೇ ಆ ವಾರವೇ ಇನ್ನೊಮ್ಮೆ ಕೂರಿ.