ಜಿಲ್ಲಾ ಪಂಚಾಯಿತಿಗೆ ಬೀಗ ಬಿದ್ದರೆ ಟಿಕೆಟ್ ಯಾರ ಮನೆಗೆ?

1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರರಾಗಿ ವಿಧಾನಸಭೆಗೆ ಬರುವ ಮೊದಲು ಎಚ್.ಡಿ. ದೇವೇಗೌಡರು ತಾಲ್ಲೂಕು ಪಂಚಾಯಿತಿಯ ಹಿಂದಿನ ರೂಪವಾದ ತಾಲ್ಲೂಕು ಬೋರ್ಡಿನ ಸದಸ್ಯರಾಗಿದ್ದರು. ಸಿದ್ದರಾಮಯ್ಯನವರೂ 1978ರಲ್ಲಿ ಮೈಸೂರು ತಾಲ್ಲೂಕು ಬೋರ್ಡಿನಿಂದಲೇ ಶುರು ಮಾಡಿದವರು.

ಸ್ಥಳೀಯ ಸಂಸ್ಥೆಯಿಂದ ವಿಧಾನಸಭೆಗೆ ಏರುವ ಈ ಏಣಿಯನ್ನು 1983ರ ಪಂಚಾಯತ್ ಕಾಯ್ದೆ ಗಟ್ಟಿ ಮಾಡಿತು. ರಾಮಕೃಷ್ಣ ಹೆಗಡೆ ಸಂಪುಟದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಜಿಲ್ಲಾ ಪರಿಷತ್ (ಇಂದಿನ ಜಿಲ್ಲಾ ಪಂಚಾಯಿತಿ) ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಕೊಡಿಸಿದರು. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ. ಮಹಿಳೆಯರಿಗೆ ಶೇ 25 ಮೀಸಲು. 1987ರ ಜನವರಿಯಲ್ಲಿ ಚುನಾವಣೆಯೂ ಆಯಿತು. ಶಾಲೆ, ಆಸ್ಪತ್ರೆ, ರಸ್ತೆಯ ಕೆಲಸಕ್ಕೆ ಜನ ಪರಿಷತ್ ಕಚೇರಿಯ ಕಡೆ ನಡೆದಾಗ ಶಾಸಕರಿಗೆ ಇರುಸುಮುರುಸಾಯಿತು. ಐದು ವರ್ಷ ಮುಗಿದ ಮೇಲೆ ಚುನಾವಣೆಯ ಬದಲು ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳು ಬಂದರು.

ಹೀಗಾಗದಿರಲೆಂದೇ 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಅವಧಿ ಮುಗಿಯುವ ಮುನ್ನ ಚುನಾವಣೆ ಮುಗಿಸಬೇಕೆಂದು 243ಇ ವಿಧಿಯಲ್ಲಿ ಬರೆಯಿತು. ಆದರೂ ಸಂದು ಉಳಿಯಿತು. ಕ್ಷೇತ್ರ ವಿಂಗಡಣೆಯಾಗದೆ ಮೀಸಲಾತಿ ಪಟ್ಟಿ ಇಲ್ಲ. ಪಟ್ಟಿ ಇಲ್ಲದೆ ಚುನಾವಣಾ ಆಯೋಗ ಅಧಿಸೂಚನೆ ಹೊರಡಿಸಲಾಗದು. 2016ರಲ್ಲಿ ಗೆದ್ದ ಜಿಲ್ಲಾ ಪಂಚಾಯಿತಿ (ಜಿ.ಪಂ.), ತಾಲ್ಲೂಕು ಪಂಚಾಯಿತಿ (ತಾ.ಪಂ.) ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಅದೇ ವರ್ಷ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ಕಿತ್ತು, ಸರ್ಕಾರವೇ ನೇಮಿಸುವ ಇನ್ನೊಂದು ಆಯೋಗಕ್ಕೆ ಕೊಡಲಾಯಿತು. ಹಿಂದುಳಿದ ವರ್ಗಗಳ ಮೀಸಲಿಗೆ ಸುಪ್ರೀಂ ಕೋರ್ಟ್ ವಿಧಿಸಿದ ಮೂರು ಹಂತದ ಪರೀಕ್ಷೆ (ಆಯೋಗದ ಅಧ್ಯಯನ, ಅದರಂತೆ ಪ್ರಮಾಣ ನಿಗದಿ, ಒಟ್ಟು ಮೀಸಲು ಶೇ 50 ಮೀರದಿರುವುದು) ನಿಜವಾದ ತೊಡಕೇ ಹೌದು. ಆದರೆ ಅದಕ್ಕಾಗಲಿ ವಿಂಗಡಣೆಗಾಗಲಿ ಚುನಾವಣೆ ಕಾಯಬೇಕಿಲ್ಲವೆಂದು ಅದೇ ಕೋರ್ಟ್ 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಹೇಳಿತು. 2023ರಲ್ಲಿ ಸರ್ಕಾರ ಬದಲಾದ ಮೇಲೂ ಜಿಲ್ಲೆಗಳಲ್ಲಿ ಆಡಳಿತಾಧಿಕಾರಿಗಳೇ ಮುಂದುವರಿದರು.

2021ರ ಡಿಸೆಂಬರಿನಲ್ಲಿ ಸ್ಥಳೀಯ ಸಂಸ್ಥೆಗಳಿಂದ ವಿಧಾನ ಪರಿಷತ್ತಿನ 25 ಸ್ಥಾನಗಳಿಗೆ ಚುನಾವಣೆ ನಡೆದಾಗ ಮತ ಹಾಕಲು ಜಿ.ಪಂ., ತಾ.ಪಂ. ಸದಸ್ಯರೇ ಇರಲಿಲ್ಲ. ಹಾಸನದಲ್ಲಿ ದೇವೇಗೌಡರ ಮೊಮ್ಮಗ ಸೂರಜ್ ರೇವಣ್ಣ, ಧಾರವಾಡದಲ್ಲಿ ಜಗದೀಶ ಶೆಟ್ಟರ್ ಸಹೋದರ ಪ್ರದೀಪ ಗೆದ್ದರು. ಬೆಳಗಾವಿಯ ಎರಡು ಸ್ಥಾನಗಳಲ್ಲಿ ಒಂದು ಲಕ್ಷ್ಮೀ ಹೆಬ್ಬಾಳಕರ ಸಹೋದರ ಚನ್ನರಾಜ ಹಟ್ಟಿಹೊಳಿಗೆ, ಇನ್ನೊಂದು ಜಾರಕಿಹೊಳಿ ಸಹೋದರರಲ್ಲಿ ಒಬ್ಬರಾದ ಲಖನ್‌ಗೆ. ಮೂರೂ ಪಕ್ಷಗಳಿಗೆ, ಸಾಲದ್ದಕ್ಕೆ ಪಕ್ಷೇತರರಿಗೂ ಪಾಲು!

ಜಿ.ಪಂ. ಇದ್ದಾಗ ನಾಯಕರ ಮನೆಯವರು ಬರುತ್ತಿರಲಿಲ್ಲ ಎಂದೇನಲ್ಲ. 2016ರಲ್ಲಿ ದೇವೇಗೌಡರ ಸೊಸೆ ಭವಾನಿ ರೇವಣ್ಣ ಹಾಸನ ಜಿ.ಪಂ. ಸದಸ್ಯೆಯಾಗಿದ್ದರು. ಆದರೆ ಅಲ್ಲಿ ಕುರ್ಚಿಗಳು ಹತ್ತಾರು, ಮೀಸಲಾತಿಯೂ ಸರದಿಯಲ್ಲಿ ತಿರುಗುತ್ತದೆ. ಎಲ್ಲವನ್ನೂ ಒಂದೇ ಮನೆ ತುಂಬಲಾಗದು. ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆ ಇಲ್ಲ. ಹಳ್ಳಿಯವರಿಗೆ ಮೊದಲ ಬಿ ಫಾರಂ, ಅಂದರೆ ಪಕ್ಷದ ಟಿಕೆಟ್ ಪತ್ರ, ಸಿಗುವುದು ತಾ.ಪಂ., ಜಿ.ಪಂ.ಗೆ. ಅವೆರಡೂ ಇಲ್ಲದಿದ್ದರೆ ಗ್ರಾಮ ಪಂಚಾಯಿತಿ ಅಧ್ಯಕ್ಷೆಯ ಮುಂದಿನ ಮೆಟ್ಟಿಲು ವಿಧಾನಸಭೆ ಟಿಕೆಟ್ಟೇ. ಅದನ್ನು ಕೇಳಲು ಅವರು ಹೋಗಬೇಕಾದದ್ದು ಶಾಸಕರ ಮನೆಗೆ.