ಸೋತ ಮೀನಿಗೆ ಜಾಗ ಎಲ್ಲಿದೆ?

ಹೀಟರಿನ ಹಿಂದೆ, ನೀರಿನ ಮೇಲ್ಮಟ್ಟಕ್ಕೆ ಅಂಟಿಕೊಂಡಂತೆ, ಹಳದಿ ಮೀನೊಂದು ಓರೆಯಾಗಿ ನಿಂತಿತ್ತು. ಬಾಲದ ಅಂಚು ಹರಿದು ಎಳೆ ಎಳೆಯಾಗಿತ್ತು. ರೆಕ್ಕೆಗಳನ್ನು ಮೈಗೆ ಒತ್ತಿಕೊಂಡಿತ್ತು. ಮನೆಯವರ ಬೆರಳು ಮಾತ್ರ ತೊಟ್ಟಿಯ ನಡುವೆ ಮೆರೆಯುತ್ತಿದ್ದ ನೀಲಿ ಗಂಡು ಮೀನಿನ ಕಡೆಗಿತ್ತು. “ಈ ರೌಡಿಯನ್ನು ತೆಗೆದುಬಿಟ್ಟರೆ ಎಲ್ಲ ಸರಿಹೋಗುತ್ತದಲ್ಲವೇ?”

ಅಕ್ವೇರಿಯಂ ಕಟ್ಟಿಕೊಡುವುದು ಮತ್ತು ನೋಡಿಕೊಳ್ಳುವುದು ನನ್ನ ಕಸುಬು. ಜಾಗಕ್ಕಾಗಿ ಕಾದಾಡುವ ಸಿಕ್ಲಿಡ್ ಎಂಬ ಕುಟುಂಬದ ಮೀನುಗಳನ್ನು ಸಾಕುವ ಮನೆಗಳಲ್ಲಿ ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಸಾಮಾನ್ಯವಾಗಿ ಸರಿಹೋಗುವುದಿಲ್ಲ. ಒಂದು ಯಜಮಾನ ಹೋದರೆ ಇನ್ನೊಂದು ಆ ಗದ್ದುಗೆ ಏರುತ್ತದೆ. ಆಫ್ರಿಕಾದ ಟಾಂಗನಿಕಾ ಸರೋವರದ ಅಸ್ಟಟೋಟಿಲಾಪಿಯಾ ಬರ್ಟೋನಿ ಎಂಬ ಸಿಕ್ಲಿಡ್‌ನಲ್ಲಿ ವಿಜ್ಞಾನಿಗಳು ಇದನ್ನು ವಿವರವಾಗಿ ನೋಡಿದ್ದಾರೆ. ಯಜಮಾನ ಗಂಡನ್ನು ತೆಗೆದ ಕೆಲವೇ ನಿಮಿಷಗಳಲ್ಲಿ, ಅಲ್ಲಿಯವರೆಗೆ ಮಂಕಾಗಿದ್ದ ಮತ್ತೊಂದು ಗಂಡಿನ ಮೈಗೆ ಬಣ್ಣವೇರುತ್ತದೆ, ಕಣ್ಣಿನ ಬಳಿ ಕಪ್ಪು ಪಟ್ಟಿ ಮೂಡುತ್ತದೆ, ಅದೂ ಅಟ್ಟಿಸಿಕೊಂಡು ಹೋಗಲು ಶುರುಮಾಡುತ್ತದೆ.

ಆದ್ದರಿಂದ ನಾನು ಮೊದಲು ನೋಡುವುದು ಪೆಟ್ಟು ತಿಂದ ಮೀನನ್ನು. ಅದಕ್ಕೆ ಹೋಗಲು ಜಾಗ ಎಲ್ಲಿದೆ?

ಆಫ್ರಿಕಾದ್ದೇ ಆದ ಮಲಾವಿ ಸರೋವರದ ಎಂಬುನಾ ಎಂಬ ಸಿಕ್ಲಿಡ್‌ಗಳನ್ನೇ ತೆಗೆದುಕೊಳ್ಳಿ. ಆ ಹೆಸರಿನ ಅರ್ಥವೇ ಬಂಡೆಯ ಮೀನು. ಗಂಡಿಗೆ ಬಂಡೆಯ ಒಂದು ತುಣುಕೇ ಸರ್ವಸ್ವ. ತಿನ್ನುವ ಪಾಚಿ ಅಲ್ಲಿದೆ, ಹೆಣ್ಣು ಮೊಟ್ಟೆಯಿಡಲು ಬರುವುದೂ ಅಲ್ಲಿಗೇ. ಸರೋವರದಲ್ಲಿ ಸೋತ ಮೀನು ಕೆಲವು ಮೀಟರ್ ಈಜಿಹೋದರೆ ಜಗಳ ಮುಗಿಯಿತು. ನಾಲ್ಕು ಅಡಿಯ ತೊಟ್ಟಿಯಲ್ಲಿ ಓಡಿದ ಮೀನು ಗಾಜಿಗೆ ತಾಗಿ ಹಿಂದಿರುಗುತ್ತದೆ. ಗೆದ್ದ ಮೀನಿಗೆ ಅದು ಕಣ್ಣೆದುರೇ ಇದೆ, ಅಂದರೆ ಇನ್ನೂ ಗಡಿ ಬಿಟ್ಟು ಹೋಗಿಲ್ಲ. ಹಾಗಾಗಿ ಅಟ್ಟುವುದು ನಿಲ್ಲುವುದೇ ಇಲ್ಲ. ಈ ಮೀನನ್ನು ಕ್ರೂರಿ ಎಂದು ಕರೆದಾಗ ನನಗೆ ನಿಜಕ್ಕೂ ನೋವಾಗುತ್ತದೆ. ಅದು ತನ್ನ ಕೆಲಸ ಮಾಡುತ್ತಿದೆ, ನಾವು ಓಡುವ ದಾರಿ ಮುಚ್ಚಿದ್ದೇವೆ.

ಆ ಮನೆಯ ತೊಟ್ಟಿಯಲ್ಲಿ ಒಂದು ಮೂಲೆಗೆ ಮೂರು ಕಲ್ಲು, ಉಳಿದದ್ದೆಲ್ಲ ಬಯಲು. ಈ ತುದಿಯಿಂದ ಆ ತುದಿಯವರೆಗೆ ಎಲ್ಲವೂ ಕಾಣುತ್ತಿತ್ತು. ಕಲ್ಲುಗಳನ್ನು ಹಲವು ಗುಂಪುಗಳಾಗಿ, ನೀರಿನ ಮುಕ್ಕಾಲು ಎತ್ತರದವರೆಗೆ ಪೇರಿಸಬೇಕು. ಗವಿಗಳಿಗೆ ಎರಡು ಬಾಯಿ ಇರಲಿ. ಒಂದೇ ಬಾಯಿಯ ಗವಿಯಲ್ಲಿ ಸೋತ ಮೀನು ಸಿಕ್ಕಿಬೀಳುತ್ತದೆ. ಕಲ್ಲನ್ನು ಮರಳಿನ ಮೇಲೆ ಇಡಬೇಡಿ. ಸಿಕ್ಲಿಡ್‌ಗಳು ಮರಳು ತೋಡುತ್ತವೆ, ಕಲ್ಲು ಜಾರಿ ಮೀನು ಸಾಯಬಹುದು, ಗಾಜೂ ಒಡೆಯಬಹುದು. ತಳದ ಮೇಲೆ ಕಲ್ಲು ಭದ್ರವಾಗಿ ಕೂತ ಮೇಲೆ ಸುತ್ತ ಮರಳು ಸುರಿಯಿರಿ.

ಮೀನು ಹೆಚ್ಚಿದ್ದರೆ ಪೆಟ್ಟು ಹಂಚಿಹೋಗುತ್ತದೆ ಎಂಬ ಮಾತನ್ನು ನೀವು ಕೇಳಿರಬಹುದು. ಎಂಬುನಾಗಳ ಮಟ್ಟಿಗೆ ಅದು ನಿಜ. ಹತ್ತಾರು ಮೀನುಗಳ ನಡುವೆ ಒಂದನ್ನೇ ಗುರಿಯಿಟ್ಟು ಕಾಡುವುದು ಕಷ್ಟ. ಆದರೆ ಅಷ್ಟು ಮೀನುಗಳ ಹೊಲಸನ್ನು ತಡೆಯುವ ದೊಡ್ಡ ಫಿಲ್ಟರ್ ಬೇಕು, ವಾರಕ್ಕೊಮ್ಮೆ ಮೂರನೆಯ ಒಂದು ಭಾಗದಷ್ಟಾದರೂ ನೀರು ಬದಲಿಸುವ ಶ್ರದ್ಧೆ ಬೇಕು. ಅದಿಲ್ಲದವರಿಗೆ ನಾನು ಈ ಉಪಾಯ ಹೇಳುವುದೇ ಇಲ್ಲ. ಮಧ್ಯ ಅಮೆರಿಕದ ಕನ್ವಿಕ್ಟ್ ಸಿಕ್ಲಿಡ್‌ಗಳಿಗಂತೂ ಇದನ್ನು ಅನ್ವಯಿಸಬೇಡಿ. ಮೊಟ್ಟೆಯಿಟ್ಟ ಜೋಡಿ ಅರ್ಧ ತೊಟ್ಟಿಯನ್ನು ತನ್ನದೆನ್ನುತ್ತದೆ, ಗುಂಪು ಹೆಚ್ಚಿಸಿದರೆ ಪೆಟ್ಟು ತಿನ್ನುವವರು ಹೆಚ್ಚುತ್ತಾರೆ ಅಷ್ಟೆ. ಅಲ್ಲಿ ಬೇಕಾದದ್ದು ನೀರು ಹಾಯುವ ತೂತುಗಳಿರುವ ಅಡ್ಡಗೋಡೆ, ಇಲ್ಲವೇ ಬೇರೆ ತೊಟ್ಟಿ. ಆ ತಂದೆತಾಯಿ ಮರಿಗಳನ್ನು ಸುತ್ತಲೂ ಕಾಯುವುದನ್ನು ಒಮ್ಮೆ ಕೂತು ನೋಡಿ, ಸಿಟ್ಟಿನ ಅರ್ಥ ತಿಳಿಯುತ್ತದೆ.

ಎಂಬುನಾಗಳಲ್ಲಿ ಒಂದು ಗಂಡಿಗೆ ಕನಿಷ್ಠ ಮೂರು ಹೆಣ್ಣು ಇರಲಿ. ಹೆಣ್ಣು ಮೂರು ವಾರದಷ್ಟು ಕಾಲ ಮೊಟ್ಟೆ ಮರಿಗಳನ್ನು ಬಾಯಲ್ಲಿಟ್ಟುಕೊಂಡಿರುತ್ತದೆ, ಆ ದಿನಗಳಲ್ಲಿ ಹೆಚ್ಚುಕಡಿಮೆ ಉಪವಾಸ. ಒಂದೇ ಹೆಣ್ಣಿದ್ದರೆ ಗಂಡಿನ ಕಾಟಕ್ಕೆ ಅದು ಬದುಕುವುದು ಕಷ್ಟ. ಒಂದೇ ಬಗೆಯ ಬಣ್ಣ, ಪಟ್ಟೆಗಳಿರುವ ಎರಡು ಜಾತಿಗಳನ್ನು ಕೂಡಿಸಬೇಡಿ. ಗಂಡಿನ ಕಣ್ಣಿಗೆ ತನ್ನಂತೆ ಕಾಣುವುದೆಲ್ಲ ಎದುರಾಳಿ. ನೀರು 28 ಡಿಗ್ರಿ ಇದ್ದರೆ ನಿಧಾನವಾಗಿ 25ಕ್ಕೆ ಇಳಿಸಿದರೂ ಜಗಳದ ಕಾವು ಸ್ವಲ್ಪ ತಗ್ಗುತ್ತದೆ.

ಹಳದಿ ಮೀನನ್ನು ಶುದ್ಧ ನೀರಿನ ಬೇರೆ ತೊಟ್ಟಿಗೆ ಬಿಟ್ಟೆವು, ನೀಲಿಯನ್ನು ಇನ್ನೊಂದಕ್ಕೆ. ದೊಡ್ಡ ತೊಟ್ಟಿಯ ಕಲ್ಲುಗಳನ್ನೆಲ್ಲ ತೆಗೆದು ಹೊಸದಾಗಿ ಜೋಡಿಸಿದೆವು. ಹಳೆಯ ಗುರುತು ಒಂದೂ ಉಳಿಯಬಾರದು, ಆಗ ಯಾರದೂ ಹಳೆಯ ಗಡಿಯಿಲ್ಲ. ಎರಡು ವಾರದಲ್ಲಿ ಬಾಲ ಕೂಡಿಕೊಂಡಿತು. ಹಳದಿಯನ್ನು ಮೊದಲು ಬಿಟ್ಟು, ಅದು ನೆಲೆಯೂರಿದ ಮೇಲೆ, ಒಂದು ಸಂಜೆ ದೀಪ ಆರಿಸಿ ನೀಲಿಯನ್ನು ಬಿಟ್ಟೆವು. ಈ ಸಲ ಹೊಸಬ ಅದೇ.

ಮರುದಿನ ಬೆಳಿಗ್ಗೆ ಗಾಜಿನೆದುರು ಕೂತೆ. ನೀಲಿ ಒಮ್ಮೆ ನುಗ್ಗಿತು. ಹಳದಿ ಗವಿಯೊಳಗೆ ಹೊಕ್ಕು ಆಚೆ ಬಾಯಿಂದ ಹೊರಬಂದು ಕಲ್ಲಿನ ಮರೆಗೆ ಸರಿಯಿತು. ನೀಲಿ ಗವಿಯ ಬಾಯಲ್ಲಿ ಒಂದು ಕ್ಷಣ ನಿಂತು, ತಿರುಗಿ ತನ್ನ ಕಲ್ಲಿಗೆ ಹೋಯಿತು.